ಕುದುರೆಯ ಹುಲ್ಲಿಗೇಕೆ ಹೆಚ್ಚು ಬೆಲೆ?



ಬೆಂಗಳೂರು, ಮೈಸೂರುಗಳಲ್ಲಿ ಪಂದ್ಯದ ಕುದುರೆಗಳ ಲಾಯಗಳಿವೆ. ಕುದುರೆ ಸಾಕುವವರು ಒಣಹುಲ್ಲು ಕೊಳ್ಳುವಾಗ ಪಿಂಡಿ ಬಿಚ್ಚಿಸುತ್ತಾರೆ, ಕೊಡವುತ್ತಾರೆ, ಮೂಸುತ್ತಾರೆ, ದೂಳೆದ್ದರೆ ಬೇಡವೆನ್ನುತ್ತಾರೆ. ಮನಸ್ಸಿಗೆ ಬಂದರೆ ಒಳ್ಳೆಯ ಬೆಲೆಯನ್ನೇ ಕೊಡುತ್ತಾರೆ. ಇದು ಸಿರಿವಂತರ ಹಟವೆಂದು ತಿಳಿಯಬೇಡಿ. ಇದಕ್ಕೆ ಕಾರಣ ಕುದುರೆಯ ಹೊಟ್ಟೆಯಲ್ಲಿದೆ.

ದನದ ಜಠರಕ್ಕೆ ನಾಲ್ಕು ಕೋಣೆಗಳು. ಅದು ಮೆಲುಕು ಹಾಕುತ್ತದೆ. ಕುದುರೆಯ ಜಠರಕ್ಕೆ ಒಂದೇ ಕೋಣೆ; ಅದು ಮೆಲುಕು ಹಾಕದು, ವಾಂತಿಯನ್ನೂ ಮಾಡಲಾರದು. ಬೂಷ್ಟು ಹಿಡಿದ ಹುಲ್ಲು ತಿಂದರೆ ಹೊಟ್ಟೆಶೂಲೆ ಬಂದು ಸಾಯಲೂಬಹುದು. ಬೂಷ್ಟಿನ ದೂಳು ಶ್ವಾಸಕೋಶಕ್ಕೂ ಹಾನಿಕರ. 500 ಕಿಲೋ ತೂಕದ ಕುದುರೆ ದಿನಕ್ಕೆ 8ರಿಂದ 10 ಕಿಲೋ ಒಣಹುಲ್ಲು ತಿನ್ನಬಲ್ಲದು.

ಲೂಸರ್ನ್ ಸೊಪ್ಪಿಗೆ ನಮ್ಮಲ್ಲಿ ಕುದುರೆಮೆಂತೆ ಎಂದೇ ಹೆಸರು. ಹೂ ಬಿಡಲು ಆರಂಭಿಸಿದಾಗಲೇ ಅದನ್ನು ಕೊಯ್ದು, ಎಲೆ ಉದುರದಂತೆ ಒಣಗಿಸಬೇಕು. ತೇವಾಂಶ ಶೇಕಡಾ 15ರ ಸುಮಾರಿಗೆ ಇಳಿದ ಮೇಲೆ ಪಿಂಡಿ ಕಟ್ಟಬೇಕು. ಹಸಿಯಾಗಿ ಕಟ್ಟಿದರೆ ಬೂಷ್ಟು ಬೆಳೆಯುತ್ತದೆ. ಒಳಗೇ ಶಾಖ ಹೆಚ್ಚಿ ಬಣವೆಗೆ ಬೆಂಕಿ ಹತ್ತುವುದೂ ಉಂಟು.

ನೆನೆದ ಹುಲ್ಲನ್ನು ನಡುವೆ ಅಡಗಿಸಿ ಮಾರಿದವನಿಗೆ ಒಂದು ದಿನದ ಲಾಭ ಸಿಕ್ಕೀತು. ಆದರೆ ಒಂದು ಮೂಕಪ್ರಾಣಿಯ ಜೀವ ಹೋದೀತು. “ಇದು ಮಳೆಗೆ ಸಿಕ್ಕಿದ್ದು, ಕುದುರೆಗೆ ಬೇಡ” ಎಂದು ತಾನಾಗಿ ಹೇಳುವ ರೈತನ ಮನೆಬಾಗಿಲಿಗೆ ಗಿರಾಕಿ ಮರುವರ್ಷವೂ ಬರುತ್ತಾನೆ.