ಒಂದೇ ಮಾತು, ಹಲವು ಲೆಡ್ಜರು



ಕೊಯಮತ್ತೂರು, ತಿರುಪ್ಪೂರು ಸೀಮೆಯ ನಮ್ಮ ಜನ ಎಷ್ಟೋ ಮಂದಿ ಮನೆಯಲ್ಲಿ ಕನ್ನಡ ಆಡುತ್ತಾರೆ, ಕಾಗದಪತ್ರ ಬರೆಯುವುದು ಮಾತ್ರ ತಮಿಳಿನಲ್ಲಿ. ಆಡುವ ಭಾಷೆ ಒಂದು, ಕೆಲಸ ನಡೆಯುವ ಭಾಷೆ ಇನ್ನೊಂದು. ಕಂಪ್ಯೂಟರಿನ ಒಳಗೂ ಹೀಗೆಯೇ ಒಂದು ತರ್ಜುಮೆ ನಡೆಯುತ್ತದೆ. ಎಸ್.ಎಸ್.ಎಲ್.ಸಿ. ಓದಿದ ನಿವೃತ್ತ ಬ್ಯಾಂಕ್ ಗುಮಾಸ್ತೆಗೆ ಈ ಉಸಾಬರಿ ಏಕೆಂದು ಕೇಳುತ್ತೀರೇನೋ. ಕಾರಣ ಕೊನೆಯಲ್ಲಿ ಬರುತ್ತದೆ.

ಅಮೆರಿಕದ ಬೆಲ್ ಲ್ಯಾಬೊರೇಟರಿಯಲ್ಲಿ ಡೆನ್ನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ರೂಪಿಸಿದ ಭಾಷೆ 'ಸಿ'. 'ಇದನ್ನು ಮಾಡು, ಆಮೇಲೆ ಅದನ್ನು ಮಾಡು' ಎಂದು ಸಾಲಾಗಿ ಅಪ್ಪಣೆ ಕೊಡುವ ಭಾಷೆ ಅದು. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ಅವರ 1967ರ 'ಸಿಮ್ಯುಲಾ' ಭಾಷೆಯ ದಾರಿ ಬೇರೆ. ಅದರಲ್ಲಿ ಪ್ರತಿ ವಸ್ತುವಿನ ಜೊತೆಗೇ ಅದರ ಲೆಕ್ಕವೂ ಅದು ಮಾಡಬೇಕಾದ ಕೆಲಸವೂ ಇರುತ್ತವೆ. ಡೆನ್ಮಾರ್ಕಿನಲ್ಲಿ ಹುಟ್ಟಿದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರು 1979ರಲ್ಲಿ ಬೆಲ್ ಲ್ಯಾಬಿನಲ್ಲಿ ಕುಳಿತು ಈ ಎರಡನ್ನೂ ಕೂಡಿಸಲು ಹೊರಟರು. 1983ರಲ್ಲಿ ಅದಕ್ಕೆ 'ಸಿ ಪ್ಲಸ್ ಪ್ಲಸ್' ಎಂದು ಹೆಸರಾಯಿತು. 1985ರಲ್ಲಿ ಮಾರಾಟಕ್ಕೆ ಬಂದ ಅದರ ಕಂಪೈಲರಿನ ಹೆಸರು 'ಸಿಫ್ರಂಟ್'.

ಸಿಫ್ರಂಟ್ ನೇರವಾಗಿ ಯಂತ್ರದ ಭಾಷೆಗೆ ಇಳಿಯುತ್ತಿರಲಿಲ್ಲ. ಸಿ ಪ್ಲಸ್ ಪ್ಲಸ್ ಓದಿಕೊಂಡು ಸಿ ಭಾಷೆಯಲ್ಲಿ ಬರೆದು ಕೊಡುತ್ತಿತ್ತು, ಅಷ್ಟೆ. ಹೆಚ್ಚಿನ ಕಂಪ್ಯೂಟರುಗಳಲ್ಲಿ ಸಿ ಕಂಪೈಲರ್ ಆಗಲೇ ಇತ್ತಲ್ಲ, ಮಿಕ್ಕ ಕೆಲಸವನ್ನು ಅದು ನೋಡಿಕೊಳ್ಳುತ್ತಿತ್ತು. ಹೊಸ ಊರಿಗೆ ಹೋದವನು ಅಲ್ಲಿನ ಅರ್ಜಿ ಬರೆಯುವವನನ್ನು ಹಿಡಿದು ಕೆಲಸ ಮಾಡಿಸಿಕೊಂಡ ಹಾಗೆ.

ಈಗ ಬ್ಯಾಂಕಿಗೆ ಬನ್ನಿ. ಹೊಸ ಭಾಷೆಯಲ್ಲಿ ಖಾತೆಯನ್ನೇ ಕರೆದು 'ನಿನ್ನ ಬಡ್ಡಿ ಹಾಕಿಕೋ' ಎನ್ನಬಹುದು. ಸಿ ಭಾಷೆಯಲ್ಲಿ ಖಾತೆಗೆ ಕಿವಿಯಿಲ್ಲ. ಅದು ಅಂಕಿಗಳನ್ನು ತುಂಬಿದ ಪಾಸ್‌ಬುಕ್ ಮಾತ್ರ. ಆದ್ದರಿಂದ ಕಂಪೈಲರ್ ಕೆಲಸವನ್ನು ಖಾತೆಯಿಂದ ಬೇರೆ ಮಾಡಿ, 'ಬಡ್ಡಿ ಹಾಕು, ಇಗೋ ಈ ಪಾಸ್‌ಬುಕ್ಕಿಗೆ' ಎಂದು ಮಾತನ್ನು ತಿರುಗಿಸುತ್ತದೆ. ಆ 'ಇಗೋ ಇದು' ಎಂಬುದನ್ನು ಪ್ರೋಗ್ರಾಂ ಬರೆದವರು ಬರೆದಿರುವುದಿಲ್ಲ, ಕಂಪೈಲರೇ ಗುಟ್ಟಾಗಿ ಸೇರಿಸುತ್ತದೆ.

ಎರಡನೆಯದು ಹೆಸರಿನ ತೊಡಕು. ನಮ್ಮ ಬೀದಿಯಲ್ಲಿ 'ರಂಗಸಾಮಿ' ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ. ಬ್ಯಾಂಕಿನಲ್ಲಿ ನಾವು ತಂದೆಯ ಹೆಸರು, ಊರಿನ ಹೆಸರು ಸೇರಿಸಿ ಬೇರೆ ಮಾಡುತ್ತಿದ್ದೆವು. ಸಿಫ್ರಂಟ್ ಕೂಡ ಕೆಲಸದ ಹೆಸರಿಗೆ ಅದು ಯಾವ ವರ್ಗದ್ದು, ಅದಕ್ಕೆ ಕೊಡುವ ಸಾಮಾನು ಎಂಥದ್ದು ಎಂಬುದನ್ನು ಅಂಟಿಸಿ ಮಾರುದ್ದದ ಹೆಸರು ಕಟ್ಟುತ್ತಿತ್ತು. ನೋಡಲು ಚೆಂದವಿಲ್ಲ, ಆದರೆ ಗೊಂದಲವಿಲ್ಲ.

ನಿಜವಾದ ಜಾಣತನ ಇರುವುದು ಮೂರನೆಯದರಲ್ಲಿ. ಉಳಿತಾಯ ಖಾತೆಗೆ ಆಗೆಲ್ಲ ತಿಂಗಳ 10ರಿಂದ ಕೊನೆಯ ದಿನದವರೆಗೆ ಇದ್ದ ಕನಿಷ್ಠ ಮೊತ್ತದ ಮೇಲೆ ಬಡ್ಡಿ ಹಾಕುತ್ತಿದ್ದೆವು. 2010ರ ಏಪ್ರಿಲ್ 1ರಿಂದ ದಿನದಿನದ ಬಾಕಿಯ ಮೇಲೆ ಎಂದಾಯಿತು. (9ನೇ ತಾರೀಖು ಹಣ ಕಟ್ಟುವ ಜಾಣರೂ, ತಿಳಿಯದೆ 11ರಂದು ಕಟ್ಟಿ ಒಂದು ತಿಂಗಳ ಬಡ್ಡಿ ಕಳೆದುಕೊಂಡ ಬಡವರೂ ನನಗೆ ಗೊತ್ತು.) ನಿಗದಿತ ಠೇವಣಿಯ ಲೆಕ್ಕ ಬೇರೆ. 'ಬಡ್ಡಿ ಹಾಕು' ಎಂಬ ಮಾತು ಒಂದೇ, ಮಾಡುವ ರೀತಿ ಹಲವು. ಇದಕ್ಕಾಗಿ ಕಂಪೈಲರ್ ಒಂದೊಂದು ಬಗೆಯ ಖಾತೆಗೂ ಒಂದೊಂದು ತಖ್ತೆ ಸಿದ್ಧಮಾಡುತ್ತದೆ. ಯಾವ ಕೆಲಸಕ್ಕೆ ಯಾವ ಕ್ರಮ ಎಂಬ ವಿಳಾಸಗಳು ಅದರಲ್ಲಿರುತ್ತವೆ. ಪ್ರತಿ ಖಾತೆಯೊಳಗೂ ಕಣ್ಣಿಗೆ ಕಾಣದ ಒಂದು ಅಂಕಣ ಇಟ್ಟು, 'ನಿನ್ನ ತಖ್ತೆ ಇದು' ಎಂದು ಗುರುತು ಹಾಕುತ್ತದೆ. ಅಪ್ಪಣೆ ಬಂದಾಗ ಆ ಗುರುತು ಹಿಡಿದು ತಖ್ತೆಗೆ ಹೋಗಿ, ಅಲ್ಲಿ ಹೇಳಿದಂತೆ ಮಾಡುವುದು. ಅಪ್ಪಣೆ ಕೊಟ್ಟವನಿಗೆ ಖಾತೆ ಯಾವ ಬಗೆಯದೆಂದು ತಿಳಿದಿರಬೇಕಾಗಿಲ್ಲ.

'ಇದು ಖಾಸಗಿ, ಹೊರಗಿನವರು ಮುಟ್ಟಬಾರದು' ಎಂದು ಹೊಸ ಭಾಷೆಯಲ್ಲಿ ಬೇಲಿ ಹಾಕಬಹುದು. ಕಂಪೈಲರ್ ತರ್ಜುಮೆಯ ಹೊತ್ತಿನಲ್ಲಿ ಅದನ್ನು ಬಿಗಿಯಾಗಿ ನೋಡುತ್ತದೆ. ಹೊರಬಂದ ಸಿ ಬರಹದಲ್ಲಿ ಬೇಲಿಯ ಸುಳಿವೂ ಇರುವುದಿಲ್ಲ.

ಪ್ರೋಗ್ರಾಂ ನಡುವೆ ಎಡವಿದರೆ ಸಾವರಿಸಿಕೊಳ್ಳುವ ಹೊಸ ಏರ್ಪಾಡೊಂದು ಭಾಷೆಗೆ ಬಂದಾಗ ಅದನ್ನು ಸಿ ಭಾಷೆಯಲ್ಲಿ ಇಳಿಸುವುದು ಬಹಳ ಕಷ್ಟವಾಗಿ, 1993ರಲ್ಲಿ ಸಿಫ್ರಂಟಿನ ಮುಂದಿನ ಆವೃತ್ತಿಯನ್ನು ಕೈಬಿಟ್ಟರು. ನೇರವಾಗಿ ಯಂತ್ರದ ಭಾಷೆಗೆ ಇಳಿಸುವ ಕಂಪೈಲರುಗಳು ಅಷ್ಟರಲ್ಲಾಗಲೇ ಬಂದಿದ್ದವು. ತಖ್ತೆಯ ಉಪಾಯ ಮಾತ್ರ ಇವತ್ತಿಗೂ ಉಳಿದಿದೆ.

ಇನ್ನು ನನ್ನ ಕಾರಣ. ನಮ್ಮ ಶಾಖೆಯಲ್ಲಿ ಲೆಡ್ಜರಿನಿಂದ ಕಂಪ್ಯೂಟರಿಗೆ ಖಾತೆ ಏರಿಸುವಾಗ, ಇಂಥ ಖಾತೆ ಇಂಥ ಬಗೆಯದೆಂಬ ಕೋಡನ್ನು ಕೈಯಿಂದಲೇ ಒತ್ತಬೇಕಿತ್ತು. ನೇಕಾರರ ಮನೆಯ ವಿಧವೆಯೊಬ್ಬರ ನಿಗದಿತ ಠೇವಣಿಗೆ ನಾನು ಉಳಿತಾಯದ ಕೋಡ್ ಒತ್ತಿಬಿಟ್ಟೆ. ಯಂತ್ರ ತಪ್ಪೆನ್ನಲಿಲ್ಲ. ಉಳಿತಾಯದ ಕ್ರಮದಲ್ಲಿ ಅಚ್ಚುಕಟ್ಟಾಗಿ ಕಡಿಮೆ ಬಡ್ಡಿ ಹಾಕಿತು. ಸಿ ಪ್ಲಸ್ ಪ್ಲಸ್ಸಿನಲ್ಲಾದರೆ, ವಸ್ತು ಹುಟ್ಟುವಾಗಲೇ ಅದರ ತಖ್ತೆಯ ಗುರುತನ್ನು ಕಂಪೈಲರ್ ಇಟ್ಟ ಅಪ್ಪಣೆಯೇ ಬರೆಯುತ್ತದೆ, ಗುಮಾಸ್ತೆಯ ಬೆರಳಿಗೆ ಬಿಡುವುದಿಲ್ಲ. ಇದನ್ನು ಮೊಮ್ಮಗಳ ಪಠ್ಯಪುಸ್ತಕದಲ್ಲಿ ಮೊನ್ನೆ ಓದಿದಾಗಲೇ ಆ ತಾಯಿಯ ಮುಖ ನೆನಪಾದದ್ದು.

ಅವಧಿ ಮುಗಿದ ದಿನ ಆಕೆ ಕೌಂಟರಿಗೆ ಬಂದು, "ಏನಪ್ಪಾ, ಬಡ್ಡಿ ಕಮ್ಮಿ ಬಂದದಲ್ಲ" ಎಂದರು. "ಕಂಪ್ಯೂಟರ್ ಹಾಕಿದ್ದಮ್ಮ, ತಪ್ಪಿರೋದಿಲ್ಲ" ಎಂದು ನಾನು ಹೇಳಿದೆ. ಆಕೆ ಹೋಗಲಿಲ್ಲ. ಸೆರಗಿನ ಗಂಟಿನಿಂದ ಚೀಟಿಯೊಂದನ್ನು ತೆಗೆದು ಮುಂದಿಟ್ಟರು. ಮಗ ಪೆನ್ಸಿಲಿನಲ್ಲಿ ಮಾಡಿಕೊಟ್ಟ ಲೆಕ್ಕ. ಸರಿಯಾಗಿಯೇ ಇತ್ತು. ಲೆಡ್ಜರ್ ತೆಗೆಸಿ, ಕೋಡ್ ತಿದ್ದಿ, ಉಳಿದ ಬಡ್ಡಿ ಕೊಡುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಅಷ್ಟು ಹೊತ್ತೂ ಆಕೆ ಬೆಂಚಿನ ಮೇಲೆ ಕುಳಿತೇ ಇದ್ದರು.