ಶಾಂತಿನಾಥ ದೇಸಾಯಿ: ಮನಸ್ಸಿನೊಳಗಿನ ವಾಸ್ತವ

ಕಾದಂಬರಿಕಾರ, ವಿಮರ್ಶಕ ಶಾಂತಿನಾಥ ದೇಸಾಯಿ ಹುಟ್ಟಿದ್ದು 1929ರಲ್ಲಿ, ಹಳಿಯಾಳದಲ್ಲಿ. ಊರು ಉತ್ತರ ಕನ್ನಡ ಜಿಲ್ಲೆಯದಾದರೂ ಅದರ ಒಡನಾಟವೆಲ್ಲ ಧಾರವಾಡದ ಕಡೆಗೇ. ದೇಸಾಯಿಯವರು ಓದಿದ್ದೂ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ, ಅನಂತರ ಮುಂಬೈಯಲ್ಲಿ. ಇಂಗ್ಲೆಂಡಿನ ಲೀಡ್ಸ್‌ಗೂ ಹೋಗಿಬಂದರು. ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕಲಿಸಿ, ಮುಂದೆ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು.

1957ರಲ್ಲಿ ಬಂದ ರಾವಬಹದ್ದೂರರ ‘ಗ್ರಾಮಾಯಣ’ದಲ್ಲಿ ಇಡೀ ಒಂದು ಹಳ್ಳಿಯೇ ನಾಯಕ. ಉತ್ತರ ಕರ್ನಾಟಕದ ವಾಸ್ತವವಾದಿ ಕಾದಂಬರಿ ಅಲ್ಲಿ ತುಂಬಿ ನಿಂತಿತ್ತು. ನಾಲ್ಕು ವರ್ಷ ಕಳೆದು ಬಂದ ದೇಸಾಯಿಯವರ ‘ಮುಕ್ತಿ’ ಊರನ್ನು ಬಿಟ್ಟು ಒಬ್ಬನೇ ಒಬ್ಬ ತರುಣನ ಮನಸ್ಸನ್ನು ಹಿಡಿಯಿತು. ಆ ತರುಣ ಗೌರೀಶ ಓದಿದವನು, ಹಂಬಲವುಳ್ಳವನು, ತನ್ನನ್ನು ತಾನೇ ಕೆದಕಿ ನೋಡಿಕೊಳ್ಳುವವನು. ಬಿಡುಗಡೆ ಬೇಕೆಂದಷ್ಟೂ ಅವನ ಸಿಕ್ಕು ಬಿಗಿಯಾಗುತ್ತದೆ. ಕನ್ನಡದ ನವ್ಯ ಕಾದಂಬರಿಯ ಮಾತು ಬಂದಾಗ ‘ಸಂಸ್ಕಾರ’ದ ಹೆಸರೇ ಮೊದಲು ಕೇಳಿಬರುತ್ತದೆ, ‘ಮುಕ್ತಿ’ ಅದಕ್ಕಿಂತ ನಾಲ್ಕು ವರ್ಷ ಹಿರಿಯದು.

ಮನೆ ಬಿಟ್ಟು ಹೊರಟವರೆಂದರೆ ದೇಸಾಯಿಯವರಿಗೆ ಬಿಡದ ಕುತೂಹಲ. ‘ಕ್ಷಿತಿಜ’ ಕಥೆಯ ಮಂದಾಕಿನಿ ಇಂಗ್ಲೆಂಡಿಗೆ ಹಡಗು ಹತ್ತುತ್ತಾಳೆ. ದಂಡೆ ಕಣ್ಮರೆಯಾದರೂ ಊರಿನ ಕಟ್ಟುಪಾಡು ಅವಳ ಗಂಟುಮೂಟೆಯ ಸಂಗಡವೇ ಪಯಣಿಸುತ್ತಿರುತ್ತದೆ. ಲೇಖಕರು ಅವಳನ್ನು ಮೆಚ್ಚುವುದೂ ಇಲ್ಲ, ಜರಿಯುವುದೂ ಇಲ್ಲ. ಈ ಸಂಯಮವೇ ಅವರ ವಾಸ್ತವವಾದದ ಜೀವಾಳ. ‘ವಿಕ್ಷೇಪ’, ‘ಸೃಷ್ಟಿ’, ‘ಬೀಜ’, ‘ಅಂತರಾಳ’ ಕಾದಂಬರಿಗಳಲ್ಲಿಯೂ ಇದು ಉಂಟು, ಆದರೆ ಅಲ್ಲಿ ಪಾತ್ರಗಳು ಕೆಲವೊಮ್ಮೆ ಬದುಕುವುದಕ್ಕಿಂತ ಹೆಚ್ಚಾಗಿ ಚರ್ಚಿಸುತ್ತವೆ ಎಂಬುದೂ ನಿಜ.

ವಿಮರ್ಶಕರಾಗಿ ಅವರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದರು. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಕಥೆ ಹೇಳುವಾಗ ಆ ಭಾಷೆಗೆ ಏನಾಗುತ್ತದೆ ಎಂಬ ಪ್ರಶ್ನೆ ಅವರನ್ನು ಮತ್ತೆಮತ್ತೆ ಕಾಡಿತು. ಹಾಗೆ ಇಂಗ್ಲಿಷಿನಲ್ಲಿ ಬರೆದ ಲೇಖಕಿ ಸಾಂತಾ ರಾಮರಾವ್ ಅವರನ್ನು ಕುರಿತು ಪುಸ್ತಕವನ್ನೇ ಬರೆದರು. ತಮ್ಮ ಕಥೆಗಳಿಗೆ ಮಾತ್ರ ಕನ್ನಡವನ್ನೇ ನೆಚ್ಚಿದರು.

ಕೊನೆಯ ಕಾದಂಬರಿ ‘ಓಂ ಣಮೋ’ದಲ್ಲಿ ದಾರಿ ತಿರುವುಮುರುವಾಗಿದೆ. ಇಲ್ಲಿ ಹೊರಗಿನವರೇ ಒಳಗೆ ಬರುತ್ತಾರೆ. ಜೈನಧರ್ಮವನ್ನು ಅರಿಯಲೆಂದು ಆ್ಯಡಮ್ ದೇಸಾಯಿ, ಆ್ಯನ್ ಈಗಲ್‌ಟನ್ ಎಂಬಿಬ್ಬರು ಇಂಗ್ಲೆಂಡಿನಿಂದ ಬಂದು ಉತ್ತರ ಕರ್ನಾಟಕದ ಜೈನ ಕುಟುಂಬಗಳ ನಡುವೆ ಓಡಾಡುತ್ತಾರೆ. ಆಸ್ತಿ, ಮದುವೆ, ವ್ರತ, ವೈರಾಗ್ಯ ಎಲ್ಲವೂ ಹೊಸ ಕಣ್ಣಿಗೆ ಬೀಳುತ್ತವೆ. ಸ್ವತಃ ಜೈನ ಮನೆತನದವರಾದ ಶಾಂತಿನಾಥ ದೇಸಾಯಿ ತಮ್ಮವರನ್ನು ಇಷ್ಟು ವಿಸ್ತಾರವಾಗಿ ಚಿತ್ರಿಸಿದ್ದು ಇದೊಂದರಲ್ಲೇ.

1998ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ‘ಓಂ ಣಮೋ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2000ದಲ್ಲಿ.