ಸುಟ್ಟ ಕರಾವಳಿಯಲ್ಲಿ ಕಪ್ಪು ಹಕ್ಕಿ



ನಮ್ಮ ಅನೇಕ ಮನೆಗಳ ಮಕ್ಕಳು ಈಗ ಆಸ್ಟ್ರೇಲಿಯದಲ್ಲಿದ್ದಾರೆ. ಅವರನ್ನು ಕಾಣಹೋಗುವ ಹಿರಿಯರಿಗೆ ಉಪಯೋಗವಾದೀತೆಂದು ಅಲ್ಲಿಯ ಒಂದು ಹಕ್ಕಿಯ ವಿಷಯವನ್ನು ಆರಿಸಿಕೊಂಡಿದ್ದೇನೆ.

ಅಡಿಲೇಡ್ ನಗರದ ದಕ್ಷಿಣಕ್ಕೆ, ಸಮುದ್ರದಲ್ಲಿ, ಕಾಂಗರೂ ದ್ವೀಪವಿದೆ. 2019ರ ಡಿಸೆಂಬರಿನಲ್ಲಿ ಸಿಡಿಲಿನಿಂದ ಹೊತ್ತಿದ ಕಾಡುಕಿಚ್ಚು ಮರುತಿಂಗಳೂ ಉರಿದು, ದ್ವೀಪದ ಹೆಚ್ಚುಕಡಿಮೆ ಅರ್ಧವನ್ನು ಸುಟ್ಟಿತು. ಎರಡು ಲಕ್ಷ ಹೆಕ್ಟೇರಿಗೂ ಮಿಕ್ಕ ನೆಲ! ಇಬ್ಬರು ಪ್ರಾಣ ತೆತ್ತರು.

ಕೆಲವೇ ತಿಂಗಳಲ್ಲಿ ನೀಲಗಿರಿ ಮರಗಳ ಕರಿಕಾಂಡಗಳ ತುಂಬ ಚಿಗುರೊಡೆಯಿತು. ನೋಡಿದವರಿಗೆ ಕಾಡು ಚೇತರಿಸಿತೆಂದೇ ತೋರುವುದು ಸಹಜ. ಆದರೆ ಹಸಿರೆಲ್ಲವೂ ಎಲ್ಲರಿಗೂ ಅನ್ನವಲ್ಲವಷ್ಟೆ.

ಆ ದ್ವೀಪದಲ್ಲಿ ಮಿರುಗುವ ಕಪ್ಪು ಕಾಕಟೂ ಎಂಬ ಹಕ್ಕಿಯುಂಟು. ಗಿಳಿಯ ಬಳಗ, ಬಾಲದಲ್ಲಿ ಕೆಂಪು, ಹೆಣ್ಣಿನ ತಲೆಯ ಮೇಲೆ ಹಳದಿ ಮಚ್ಚೆ. ಊಟದಲ್ಲಿ ಮಾತ್ರ ಬಲು ಮಡಿವಂತ. ಶೀಓಕ್ ಮರದ ಕಾಯೊಳಗಿನ ಬೀಜ ಬಿಟ್ಟು ಬೇರೆಯದನ್ನು ಮುಟ್ಟುವುದೇ ಅಪರೂಪ. ಈ ಮರ ನಮ್ಮ ಕಾರವಾರದ ದಂಡೆಯ ಗಾಳಿಮರಕ್ಕೆ ದಾಯಾದಿ. ಸುಟ್ಟರೆ ನೀಲಗಿರಿಯಂತೆ ಸುಲಭವಾಗಿ ಚಿಗುರದು. ಬಹುಮಟ್ಟಿಗೆ ಬೀಜದಿಂದಲೇ ಹುಟ್ಟಬೇಕು. ಸಸಿ ಬೆಳೆದು ಕಾಯಿ ಬಿಡಲು ಹಲವು ವರ್ಷ. ಅಷ್ಟರೊಳಗೆ ವಾಲಬಿಗಳು ಮೇಯ್ದುಬಿಡುವ ಭಯ ಬೇರೆ!

ಮೇಲಾಗಿ, ಈ ಹಕ್ಕಿ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. 1990ರ ದಶಕದಲ್ಲಿ ದ್ವೀಪದಲ್ಲಿ ಉಳಿದಿದ್ದುವು ಸುಮಾರು 150. ಪಾಸಮ್ ಎಂಬ ಪ್ರಾಣಿ ಮರವೇರಿ ಮೊಟ್ಟೆಮರಿಗಳನ್ನು ತಿನ್ನುತ್ತಿತ್ತು. ಗೂಡಿನ ಮರಗಳಿಗೆ ತಗಡು ಸುತ್ತಿದರು. ಎಷ್ಟು ಸರಳ ಉಪಾಯ, ನೋಡಿರಿ! ಕಿಚ್ಚಿಗೆ ಮುನ್ನ ಸಂಖ್ಯೆ 350ನ್ನು ದಾಟಿತ್ತು. ಇಪ್ಪತ್ತು ವರ್ಷದ ಆ ದುಡಿಮೆಯ ಮೇಲೆ ಬೆಂಕಿ ಬಿತ್ತು. ಹಾರಿ ಪಾರಾದ ಹಕ್ಕಿಗಳಿಗೂ ಮೇವಿನ ಮರಗಳಲ್ಲಿ ದೊಡ್ಡ ಪಾಲು ಇಲ್ಲವಾಯಿತು. ಊರವರು ಶೀಓಕ್ ಸಸಿಗಳನ್ನು ನೆಡತೊಡಗಿದರು.

ಇದನ್ನು ನೋಡುವ ಬಗೆಯೂ ವಿಚಿತ್ರ. ಹಕ್ಕಿ ನೋಡುವವರು ಆಕಾಶ ನೋಡುವರೆಂದು ನಾವು ತಿಳಿದಿದ್ದೇವೆ. ಇಲ್ಲಿ ಮೊದಲು ನೆಲ ನೋಡಬೇಕು. ಮರದಡಿ ಅಗಿದುಗುಳಿದ ಕಾಯಿಚೂರುಗಳಿದ್ದರೆ ಹಕ್ಕಿ ಬಂದಿತ್ತೆಂದು ಗುರುತು. ಚೂರು ಇನ್ನೂ ಹಸಿಯಾಗಿದ್ದರೆ ಕೊರಳೆತ್ತಿ ಸುಮ್ಮನೆ ನಿಲ್ಲಿರಿ. ಕೊಕ್ಕಿನಲ್ಲಿ ಕಾಯಿ ಒಡೆಯುವ ಕಟಕಟ ಸದ್ದು ಮೇಲಿಂದ ಕೇಳಿಸೀತು.

ಕೇಪ್ ಜರ್ವಿಸ್‌ನಿಂದ ಪೆನ್ನೆಷಾಗೆ ದೋಣಿಯಲ್ಲಿ ಮುಕ್ಕಾಲು ಗಂಟೆಯ ಹಾದಿ. ಮಕ್ಕಳು ಕರೆದೊಯ್ದರೆ ದುರ್ಬೀನು ಮರೆಯಬೇಡಿ. ತಗಡು ಸುತ್ತಿದ ಮರ ಕಂಡರೆ ಮಾತ್ರ ದೂರದಿಂದಲೇ ನೋಡಿ ಬನ್ನಿರಿ.